ಎಲ್ಲರ ಐಕ್ಯೂ 20 ಅಂಕ ಏರಿದರೆ ಲೋಕ ಸುಧಾರಿಸುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಶುರುವಾದ ಒಂದು ವಾದ ಇನ್ನೂ ಮುಗಿದಿಲ್ಲ. ಬಡತನ, ಜಾತಿ ಜಗಳ, ಲಂಚ, ಯುದ್ಧ ಎಲ್ಲದಕ್ಕೂ ಮೂಲ ದಡ್ಡತನ ಅನ್ನುವುದು ನನ್ನ ವಾದ. ಎಲ್ಲರ ಐಕ್ಯೂ, ಅಂದರೆ ಬುದ್ಧಿ ಪರೀಕ್ಷೆಯ ಅಂಕ, ಒಂದು 20 ಜಾಸ್ತಿಯಾದರೆ ಅರ್ಧ ಸಮಸ್ಯೆ ತಾನಾಗಿ ಕರಗುತ್ತದೆ, ಅಲ್ವಾ? ಈಗ ಹೊರದೇಶಗಳಲ್ಲಿ ಭ್ರೂಣದ ಜೀನ್ ನೋಡಿ ಜಾಣ ಮಗುವನ್ನು ಆರಿಸಿಕೊಡುವ ಕಂಪನಿಗಳೂ ಬಂದಿವೆ. ಅದು ಎಲ್ಲರಿಗೂ ಸಿಗುವ ಹಾಗಾದರೆ ತಪ್ಪೇನು? ನನ್ನ ರೂಮ್‌ಮೇಟ್ ಮಾತ್ರ "ಲೋಕ ಹಾಳು ಮಾಡಿದ್ದೇ ಜಾಣರು" ಅಂತಾನೆ. ಯಾರು ಸರಿ?

ಉತ್ತರ: ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಮಿದುಳು ಬೆಳೆಯಲು ಅಡ್ಡ ಬರುವ ಸಂಗತಿಗಳನ್ನು ತೆಗೆದುಹಾಕಿದರೆ ಲೋಕ ಖಂಡಿತ ಸುಧಾರಿಸುತ್ತದೆ. ಇದಕ್ಕೆ ಗಟ್ಟಿ ಪುರಾವೆ ಇದೆ. ಆದರೆ ಚೆನ್ನಾಗಿಯೇ ಇರುವ ಬುದ್ಧಿಗೆ ಇನ್ನೂ 20 ಅಂಕ ಸೇರಿಸಿದರೆ ಲಂಚವೂ ಯುದ್ಧವೂ ಕಡಿಮೆಯಾಗುತ್ತವೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಪಟ್ಟಿ ಮಾಡಿದ ಕಷ್ಟಗಳಲ್ಲಿ ಬಹಳಷ್ಟು ಜನರ ನಡುವೆ ಬಿದ್ದ ಗಂಟುಗಳು. ಅದನ್ನು ಬಿಚ್ಚುವುದಕ್ಕೂ ಜಾಣತನ ಬೇಕು ನಿಜ. ಆದರೆ ಅದೇ ಜಾಣತನ ಗಂಟನ್ನು ಇನ್ನಷ್ಟು ಬಿಗಿ ಮಾಡಿದ್ದೂ ಉಂಟು.

ನೀವು ಕೇಳಿದ 20 ಅಂಕ ಒಂದು ಸಲ ಬಂದಾಗಿದೆ. ಇದು ನಿಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಐಕ್ಯೂ ಪರೀಕ್ಷೆಯಲ್ಲಿ ಸರಾಸರಿ ಯಾವಾಗಲೂ 100 ಬರುವ ಹಾಗೆ ಅಳತೆಯನ್ನು ಆಗಾಗ ಹೊಸದಾಗಿ ಹೊಂದಿಸುತ್ತಾರೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದ ಜೇಮ್ಸ್ ಫ್ಲಿನ್ ಅವರು ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 1984ರಲ್ಲಿ ಅಮೆರಿಕದ ಲೆಕ್ಕ, 1987ರಲ್ಲಿ 14 ದೇಶಗಳ ಲೆಕ್ಕ ಪ್ರಕಟಿಸಿದರು. ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಜನ ಮೇಲೇರುತ್ತಲೇ ಬಂದಿದ್ದರು. ನೆದರ್ಲೆಂಡ್ಸ್‌ನಲ್ಲಿ ಸೇನೆಗೆ ಸೇರುವ ಹುಡುಗರ ಅಂಕ 1952ರಿಂದ 1982ರೊಳಗೆ 20ರಷ್ಟು ಏರಿತ್ತು. ಒಂದೇ ತಲೆಮಾರಿನಲ್ಲಿ!

ಹಾಗಾದರೆ ನಮ್ಮ ಅಜ್ಜ ಮುತ್ತಜ್ಜಂದಿರು ದಡ್ಡರೇ? ಇಲ್ಲ. ಏರಿದ್ದು ಯಾವ ಬಗೆಯ ಯೋಚನೆ ಅನ್ನುವುದನ್ನು ನೋಡಬೇಕು. ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1930ರ ದಶಕದ ಶುರುವಿನಲ್ಲಿ ಉಜ್ಬೇಕಿಸ್ತಾನದ ಹಳ್ಳಿಗರನ್ನು ಮಾತನಾಡಿಸಿದರು. "ಉತ್ತರದ ಹಿಮದ ನಾಡಿನಲ್ಲಿ ಕರಡಿಗಳೆಲ್ಲ ಬಿಳಿ. ಇಂಥ ಊರು ಆ ಹಿಮದ ನಾಡಿನಲ್ಲಿದೆ. ಅಲ್ಲಿನ ಕರಡಿಯ ಬಣ್ಣ ಯಾವುದು?" ಅಂತ ಕೇಳಿದರು. ನಾನು ನೋಡಿರುವುದು ಕಪ್ಪು ಕರಡಿ, ನೋಡದೇ ಇದ್ದುದರ ಬಗ್ಗೆ ಮಾತಾಡುವುದಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಪರೀಕ್ಷೆಯ ಲೆಕ್ಕದಲ್ಲಿ ಇದು ತಪ್ಪು. ಸಂತೆಯಲ್ಲಿ ದನ ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ. ಶಾಲೆ ಬಂತು, ನಕ್ಷೆ, ಫಾರಂ, ಒಗಟು, ಯಂತ್ರ ಎಲ್ಲ ಬಂದವು. ಕಣ್ಣೆದುರು ಇಲ್ಲದ್ದನ್ನು "ಹೀಗಿದ್ದರೆ ಹೀಗೆ" ಅಂತ ಯೋಚಿಸುವುದು ಜನರಿಗೆ ರೂಢಿಯಾಯಿತು. ಅಂಕ ಏರಿತು.

ನಮ್ಮಲ್ಲೂ ಈ ಅಳತೆಗೆ ಹಳೆಯ ಚರಿತ್ರೆ ಇದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಎಲ್ಲ ಬಗೆಯ ಬುದ್ಧಿಯ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲಿ ಹೇಳಿದ ಅದೇ ಸ್ಪಿಯರ್‌ಮನ್. (ಹೌದು, ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದ ಗೋಪಾಲಸ್ವಾಮಿ ಅವರೇ ಇವರು.) 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗಾಗಿ ಒಗ್ಗಿಸಿದ ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಮಗುವನ್ನು ಪರೀಕ್ಷೆಗೆ ಕರೆತರುವ ಅಪ್ಪ ಅಮ್ಮ ಹೊರಗೆ ಬಂದ ಕೂಡಲೇ "ಎಷ್ಟು ಬಂತು ಮೇಡಂ?" ಅಂತಾರೆ. ಯಾವುದರಲ್ಲಿ ಚುರುಕು, ಎಲ್ಲಿ ಎಡವುತ್ತಾನೆ ಅಂತ ಕೇಳುವವರು ಕಡಿಮೆ. ನಿಮ್ಮ ಪ್ರಶ್ನೆಯಲ್ಲೂ ಆ "ಎಷ್ಟು" ಇದೆ, ನೋಡಿ.

ಅಂಕ ಏರಿದ ಆ ನೂರು ವರ್ಷಗಳಲ್ಲಿ ಲೋಕ ಸುಧಾರಿಸಿತೇ? ಸಿಡುಬು ಹೋಯಿತು, ಎಳೆ ಮಕ್ಕಳ ಸಾವು ಇಳಿಯಿತು, ಓದುಬರಹ ಹರಡಿತು. ಎರಡು ಮಹಾಯುದ್ಧ, ಹಿರೋಷಿಮಾ ಕೂಡ ಅದೇ ಅವಧಿಯವು. ಇನ್ನು ನಾರ್ವೆಯಲ್ಲಿ 1970ರ ದಶಕದ ನಡುವಿನಿಂದ ಈಚೆಗೆ ಹುಟ್ಟಿದವರ ಅಂಕ ಇಳಿಯುತ್ತಾ ಬಂದಿದೆ. ಒಂದೇ ಮನೆಯ ಅಣ್ಣ ತಮ್ಮಂದಿರ ನಡುವೆಯೂ ಆ ಇಳಿತ ಕಾಣುವುದರಿಂದ ಅದಕ್ಕೆ ಜೀನ್ ಕಾರಣವಲ್ಲ. ಅಂಕ ಇಳಿಯಿತು ಅಂತ ನಾರ್ವೆಯೇನೂ ಹಾಳಾಗಿಲ್ಲ. ಅಂಕಕ್ಕೂ ಲೋಕದ ಸುಖಕ್ಕೂ ಇರುವ ದಾರ ಅಷ್ಟು ನೇರವಾಗಿಲ್ಲ.

ಆದರೂ ಒಂದು ಕಡೆ ಆ ದಾರ ನೇರವಾಗಿಯೇ ಇದೆ. ಅದು ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿದೆ.

ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನ್ ಬೇಕು. ಅದಕ್ಕೆ ಅಯೋಡಿನ್ ಬೇಕು. ಮಳೆ ಜೋರಾಗಿ ಹೊಯ್ಯುವ ಬೆಟ್ಟದ ಸೀಮೆಯಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಬೆಳೆಯಲ್ಲೂ ಇರುವುದಿಲ್ಲ, ಹಾಲಿನಲ್ಲೂ ಇರುವುದಿಲ್ಲ. ಹಿಮಾಲಯದ ತಪ್ಪಲಿನಲ್ಲಿ ಇದೇ ಕತೆ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಇದೇ ಕತೆ. ಆ ಕಡೆಯ ಹಿರಿಯರನ್ನು ಕೇಳಿ, ಕುತ್ತಿಗೆಯಲ್ಲಿ ಗಳಗಂಡ ಇದ್ದವರನ್ನು ನೋಡಿದ ನೆನಪು ಇರುತ್ತದೆ. ಗಂಟಲ ಗಡ್ಡೆ ಕಣ್ಣಿಗೆ ಕಾಣುತ್ತದೆ. ಮಗುವಿನ ಮಿದುಳಿಗೆ ಆದ ನಷ್ಟ ಕಾಣುವುದಿಲ್ಲ. ಅಯೋಡಿನ್ ಕೊರತೆಯ ಊರುಗಳ ಮಕ್ಕಳಿಗೂ ಸಾಕಷ್ಟು ಸಿಗುವ ಊರುಗಳ ಮಕ್ಕಳಿಗೂ ನಡುವೆ ಸುಮಾರು 12ರಿಂದ 13 ಅಂಕದ ಅಂತರವನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕಗಳು ತೋರಿಸಿವೆ.

1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯನ್ನು ಭಾಗ ಮಾಡಿಕೊಂಡು, ಕೆಲವು ಕಡೆ ಅಯೋಡಿನ್ ಬೆರೆಸಿದ ಉಪ್ಪು ಹಂಚಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂಬ ನಿಷೇಧವನ್ನು ಕೇಂದ್ರ ಸರ್ಕಾರ ಒಮ್ಮೆ ತಂದು, 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ತಂದಿತು. ವಿಜ್ಞಾನದಲ್ಲಿ ಯಾವ ಅನುಮಾನವೂ ಇರಲಿಲ್ಲ. ನಡುವೆ ತೆಗೆದದ್ದು ರಾಜಕೀಯ. ಇವತ್ತು ನೂರಕ್ಕೆ 90ಕ್ಕೂ ಹೆಚ್ಚು ಮನೆಗಳಲ್ಲಿ ಅಯೋಡಿನ್ ಉಪ್ಪೇ ಇದೆ. ಒಬ್ಬರಿಗೆ ವರ್ಷಕ್ಕೆ ತಗಲುವ ಖರ್ಚು ಕೆಲವೇ ರೂಪಾಯಿ. ಮನುಷ್ಯರ ಬುದ್ಧಿ ಹೆಚ್ಚಿಸಲು ಇದುವರೆಗೆ ಮಾಡಿದ ಕೆಲಸಗಳಲ್ಲಿ ಇದಕ್ಕೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡಿದವರಿಗೆ ಹಾರ ತುರಾಯಿ ಸಿಕ್ಕಿದ್ದು ಕಡಿಮೆ. (ಅಂದ ಹಾಗೆ, ಉಪ್ಪಿನ ಡಬ್ಬಿ ಮುಚ್ಚಿಡಿ, ಒಲೆಯ ಪಕ್ಕ ಇಡಬೇಡಿ. ಬಿಸಿಗೂ ತೇವಕ್ಕೂ ಅಯೋಡಿನ್ ಹಾರಿಹೋಗುತ್ತದೆ.)

ಸೀಸದ ಕತೆ ಇದರ ತಿರುವುಮುರುವು. ನಿಮ್ಮ ರೂಮ್‌ಮೇಟ್‌ಗೆ ಬೇಕಾದ ಸಾಕ್ಷಿ ಇಲ್ಲಿದೆ. ಥಾಮಸ್ ಮಿಜ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್. ಭಾರೀ ಬುದ್ಧಿವಂತ. 1921ರಲ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಎಂದು ಕಂಡುಹಿಡಿದ. ಸೀಸ ವಿಷ ಎಂದು ರೋಮನ್ನರ ಕಾಲದಿಂದ ಗೊತ್ತಿತ್ತು. ಆದ್ದರಿಂದ ಕಂಪನಿ ಆ ಸರಕಿಗೆ "ಈಥೈಲ್" ಅಂತ ಹೆಸರಿಟ್ಟಿತು. ಸೀಸ ಅನ್ನುವ ಮಾತೇ ಇಲ್ಲ. 1924ರಲ್ಲಿ ಕಾರ್ಖಾನೆಯ ಕೆಲಸಗಾರರು ಹುಚ್ಚು ಹಿಡಿದಂತಾಗಿ ಸತ್ತಾಗ ಮಿಜ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಏನೂ ಆಗುವುದಿಲ್ಲ ಅಂತ ತೋರಿಸಿದ. ಹಿಂದಿನ ವರ್ಷ ತಾನೇ ಸೀಸದ ವಿಷವೇರಿ ಫ್ಲಾರಿಡಾಕ್ಕೆ ಹೋಗಿ ಸುಧಾರಿಸಿಕೊಂಡು ಬಂದಿದ್ದ. ಆಮೇಲೆ ಓಝೋನ್ ಪದರಕ್ಕೆ ತೂತು ಮಾಡಿದ ಫ್ರಿಯಾನ್ ಅನಿಲವನ್ನು ರೂಪಿಸಿದ್ದೂ ಇವನ ತಂಡವೇ.

ಸೀಸ ಮಕ್ಕಳ ಮಿದುಳಿಗೆ ಹೋಗಿ ಕ್ಯಾಲ್ಸಿಯಂನ ಜಾಗದಲ್ಲಿ ಕೂರುತ್ತದೆ. ಪೆಟ್ರೋಲಿನ ಸೀಸದಿಂದ ಅಮೆರಿಕದ ಜನ ತಲಾ ಸುಮಾರು 2.6 ಐಕ್ಯೂ ಅಂಕ ಕಳೆದುಕೊಂಡಿದ್ದಾರೆ ಎಂದು 2022ರ ಒಂದು ಅಧ್ಯಯನ ಅಂದಾಜು ಮಾಡಿತು. ಒಬ್ಬ ಮಹಾಜಾಣನ ಉಪಾಯ, ಕೋಟಿಗಟ್ಟಲೆ ಮಕ್ಕಳ ಬುದ್ಧಿ ಮೊಂಡು. ಈ 2.6 ಅನ್ನುವ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅಂದರೆ ಕಂಡುಹಿಡಿದು ನೂರು ವರ್ಷ. ಪೆಟ್ರೋಲಿನಿಂದ ಹೋದರೂ ಹಳೇ ಬ್ಯಾಟರಿ ಒಡೆದು ಕರಗಿಸುವ ಕಡೆ, ಹಳೆಯ ಬಣ್ಣದಲ್ಲಿ, ಕಲಬೆರಕೆ ಅರಿಶಿನದಲ್ಲಿ ಸೀಸ ಇನ್ನೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಇದರ ಹಿಂದೆ ಬಿದ್ದು ಮಕ್ಕಳ ರಕ್ತದ ಸೀಸ ಅಳೆಯುತ್ತಾ ಬಂದರು. ರಕ್ತಹೀನತೆಯದು ಇನ್ನೊಂದು ದೊಡ್ಡ ಕತೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ತರಗತಿಯಲ್ಲಿ ತೂಕಡಿಸುವ ಮಗುವನ್ನು "ಮಂದ" ಅಂದುಬಿಡುವುದು ಸುಲಭ.

ಬುದ್ಧಿ ಅನ್ನುವುದು ಹುಟ್ಟಿನಿಂದ ಬಂದ ಒಂದು ಗಟ್ಟಿ ಸಂಖ್ಯೆ ಅಂತ ನೀವು ಅಂದುಕೊಂಡಿದ್ದರೆ ಕಬ್ಬಿನ ಗದ್ದೆಗೆ ಬನ್ನಿ. ತಮಿಳುನಾಡಿನ ವಿಲುಪ್ಪುರಂ, ತಿರುವಣ್ಣಾಮಲೈ ಕಡೆಯ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಕಬ್ಬಿನ ದುಡ್ಡು ಕೈಗೆ ಬಂದ ಮೇಲೆ ಒಂದು ಸಲ ಒಗಟಿನ ಪರೀಕ್ಷೆ ಕೊಟ್ಟರು. 2013ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಗಿರವಿ, ಅಂಗಡಿಯಲ್ಲಿ ಉದ್ರಿ. ದುಡ್ಡು ಬಂದ ಮೇಲೆ ಅದೇ ರೈತರು ಸುಮಾರು ಕಾಲು ಭಾಗ ಜಾಸ್ತಿ ಒಗಟು ಬಿಡಿಸಿದರು. ಊಟ ಅದೇ, ಓದು ಅದೇ, ತಲೆ ಅದೇ. ಸಾಲದ ಲೆಕ್ಕ ತಲೆಯೊಳಗೆ ಸದಾ ಓಡುತ್ತಿದ್ದರೆ ಬೇರೆ ಯೋಚನೆಗೆ ಜಾಗ ಎಲ್ಲಿ? ದಡ್ಡತನದಿಂದ ಬಡತನ ಅಂದಿರಲ್ಲ, ಬಡತನದಿಂದ ದಡ್ಡತನ ಅನ್ನುವ ದಾರಿಯೂ ಇದೆ.

ಇಲ್ಲಿಯವರೆಗೆ ನಿಮ್ಮ ವಾದಕ್ಕೆ ನನ್ನ ಅರ್ಧ ಬೆಂಬಲ. ಉಳಿದ ಅರ್ಧದಲ್ಲಿ ನನಗೆ ತಕರಾರಿದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಸಿಗುತ್ತದೆ.

ಮಕ್ಕಳಿಗೆ ಭೇದಿ ಆದರೆ ಏನು ಕೊಡಬೇಕು? ಓಆರ್‌ಎಸ್. ಉಪ್ಪು, ಸಕ್ಕರೆ, ನೀರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಗ್ಲೂಕೋಸ್ ಬಾಟಲಿ ಮುಗಿದುಹೋಯಿತು. ಕೋಲ್ಕತ್ತದ ಡಾಕ್ಟರ್ ದಿಲೀಪ್ ಮಹಲನಬಿಸ್ ಈ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ 30ರ ಆಸುಪಾಸು ಇದ್ದ ಸಾವು 4ರ ಒಳಗೆ ಇಳಿಯಿತು. ಅವತ್ತಿನಿಂದ ಈ ಜ್ಞಾನ ಎಲ್ಲರ ಕೈಯಲ್ಲಿದೆ. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಮಕ್ಕಳು ಭೇದಿಯಿಂದ ಸಾಯುತ್ತಾರೆ. ನಮ್ಮಲ್ಲಿ ಖಾಸಗಿ ಡಾಕ್ಟರುಗಳು ಓಆರ್‌ಎಸ್ ಬಿಟ್ಟು ಆಂಟಿಬಯಾಟಿಕ್ ಬರೆಯುವುದು ಜಾಸ್ತಿ. ಯಾಕೆ? ಗೊತ್ತಿಲ್ಲದೆಯೇ? ಪರೀಕ್ಷೆಯಲ್ಲಿ ಕೇಳಿದರೆ ಅವರೆಲ್ಲ ಸರಿಯುತ್ತರ ಬರೆಯುತ್ತಾರೆ.

ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ವೈದ್ಯರು ಮತ್ತು ಔಷಧ ಅಂಗಡಿಯವರ ಬಳಿಗೆ ಸಂಶೋಧಕರು ತರಬೇತಿ ಕೊಟ್ಟ ಜನರನ್ನು ಕಳಿಸಿದರು. ಮನೆಯಲ್ಲಿ ಪುಟ್ಟ ಮಗುವಿಗೆ ಭೇದಿ ಅಂತ ಹೇಳುವುದು ಅವರ ಪಾತ್ರ. ಕೆಲವರು ಓಆರ್‌ಎಸ್ ಪ್ಯಾಕೆಟ್ಟಿನ ಚಿತ್ರ ತೋರಿಸಿ ಹೋದ ಸಲ ಇದನ್ನು ಕೊಟ್ಟಿದ್ದೆವು ಅಂದರು. ಕೆಲವರು ಆಂಟಿಬಯಾಟಿಕ್‌ನ ಚಿತ್ರ ತೋರಿಸಿದರು. ಕೆಲವರು ಸುಮ್ನೆ ನೀವೇ ಹೇಳಿ ಅಂದರು. ಕೆಲವರು ಔಷಧ ನಿಮ್ಮಲ್ಲಿ ಕೊಳ್ಳುವುದಿಲ್ಲ ಅಂತಲೂ ಹೇಳಿದರು, ಲಾಭದ ಆಸೆಯಿಂದ ಬೇರೆ ಔಷಧ ಕೊಡುತ್ತಾರಾ ಅಂತ ನೋಡಲಿಕ್ಕೆ. ಕೆಲವು ಕಡೆ ಮುಂಚೆಯೇ ಓಆರ್‌ಎಸ್ ದಾಸ್ತಾನು ತಲುಪಿಸಿದ್ದರು, ಸ್ಟಾಕ್ ಇಲ್ಲ ಅನ್ನುವ ನೆಪ ಇರಬಾರದು ಅಂತ.

2024ರಲ್ಲಿ ಫಲಿತಾಂಶ ಬಂತು. ಓಆರ್‌ಎಸ್ ಬರೆಯದೇ ಇರುವುದರಲ್ಲಿ ಲಾಭದ ಆಸೆಯ ಪಾಲು ನೂರಕ್ಕೆ 5. ಸ್ಟಾಕ್ ಇಲ್ಲದ್ದರ ಪಾಲು 6. ರೋಗಿಗೆ ಅದು ಬೇಡವಾಗಿದೆ ಎಂಬ ಡಾಕ್ಟರರ ಊಹೆಯ ಪಾಲು 42! ಓಆರ್‌ಎಸ್ ಚಿತ್ರ ತೋರಿಸಿ ಕೇಳಿದ ಕಡೆ ಅದನ್ನು ಕೊಡುವವರು ನೂರರಲ್ಲಿ ಇನ್ನೂ 27 ಮಂದಿಯಷ್ಟು ಹೆಚ್ಚಿದರು. ತಮಾಷೆ ಏನೆಂದರೆ, ಮನೆಗಳಿಗೆ ಹೋಗಿ ವಿಚಾರಿಸಿದರೆ ಆಂಟಿಬಯಾಟಿಕ್‌ಗಿಂತ ಓಆರ್‌ಎಸ್ಸೇ ಬೇಕು ಅನ್ನುವವರು ಜಾಸ್ತಿ. ಬರೀ ಉಪ್ಪು ಸಕ್ಕರೆ ನೀರು ಕೊಟ್ಟರೆ "ಈ ಡಾಕ್ಟ್ರಿಗೆ ಏನೂ ಬರಲ್ಲ" ಅಂದುಕೊಂಡಾರು ಅಂತ ಡಾಕ್ಟರಿಗೆ ಭಯ. ಇಷ್ಟು ಓದಿದವರಿಗೆ ಎದುರು ಮಾತಾಡುವುದು ಹೇಗೆ ಅಂತ ತಾಯಿಗೆ ಸಂಕೋಚ. ಇಬ್ಬರಿಗೂ ಸರಿಯುತ್ತರ ಗೊತ್ತು. ಈ ಡಾಕ್ಟರಿಗೆ ಇನ್ನೂ 20 ಅಂಕ ಐಕ್ಯೂ ಕೊಡಿ. ಏನು ಬದಲಾಗುತ್ತದೆ? ರೋಗಿಗೆ ಏನು ಬೇಕಿರಬಹುದು ಅಂತ ಇನ್ನೂ ಚೆನ್ನಾಗಿ ತಪ್ಪು ಊಹೆ ಮಾಡುತ್ತಾರೆ, ಅಷ್ಟೆ.

ಲಂಚವೂ ಬಹುಮಟ್ಟಿಗೆ ಇದೇ ಜಾತಿಯದು. ಎಲ್ಲರೂ ಕೊಡುತ್ತಿರುವಾಗ ನಾನೊಬ್ಬ ಕೊಡದಿದ್ದರೆ ನನ್ನ ಫೈಲ್ ಕದಲುವುದಿಲ್ಲ ಅನ್ನುವ ಲೆಕ್ಕ ದಡ್ಡರದ್ದಲ್ಲ, ಸರಿಯಾದ ಲೆಕ್ಕವೇ.

ಇನ್ನು ಜಾತಿ, ಪಕ್ಷದ ಜಗಳಕ್ಕೆ ಬರೋಣ. ಒಂದು ಸಣ್ಣ ಲೆಕ್ಕ ಕೊಡುತ್ತೇನೆ, ಪೆನ್ ಹಿಡಿಯಿರಿ. ಚರ್ಮದ ಗುಳ್ಳೆಗೆ ಒಂದು ಹೊಸ ಮುಲಾಮು. ಹಚ್ಚಿಕೊಂಡವರಲ್ಲಿ 223 ಜನರಿಗೆ ವಾಸಿ, 75 ಜನರಿಗೆ ಜಾಸ್ತಿಯಾಯಿತು. ಹಚ್ಚಿಕೊಳ್ಳದವರಲ್ಲಿ 107 ಜನರಿಗೆ ವಾಸಿ, 21 ಜನರಿಗೆ ಜಾಸ್ತಿಯಾಯಿತು. ಮುಲಾಮು ಒಳ್ಳೆಯದೇ?

223 ದೊಡ್ಡ ಸಂಖ್ಯೆ, ಆದ್ದರಿಂದ ಒಳ್ಳೆಯದು ಅಂತ ಮನಸ್ಸು ಹೇಳುತ್ತದೆ. ಭಾಗಿಸಿ ನೋಡಿ. ಹಚ್ಚಿದವರಲ್ಲಿ ನೂರಕ್ಕೆ 75 ವಾಸಿ, ಹಚ್ಚದವರಲ್ಲಿ ನೂರಕ್ಕೆ 84. ಮುಲಾಮು ಹಚ್ಚದಿದ್ದರೇ ಮೇಲು. ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಸಂಗಡಿಗರು 1,111 ಅಮೆರಿಕನ್ನರನ್ನು ಗುಂಪು ಮಾಡಿ, ಕೆಲವರಿಗೆ ಈ ಲೆಕ್ಕ ಕೊಟ್ಟರು. ಲೆಕ್ಕದಲ್ಲಿ ಚುರುಕಾದವರು ಸರಿ ಮಾಡಿದರು, ಉಳಿದವರು ತಪ್ಪಿದರು. ಇದರಲ್ಲಿ ಹೊಸದೇನಿಲ್ಲ. ಇನ್ನು ಕೆಲವರಿಗೆ ಅದೇ ಸಂಖ್ಯೆಗಳನ್ನು ಇಟ್ಟುಕೊಂಡು, ಮುಲಾಮಿನ ಬದಲು "ಬಂದೂಕು ಒಯ್ಯುವುದನ್ನು ನಿಷೇಧಿಸಿದ ಊರುಗಳಲ್ಲಿ ಅಪರಾಧ" ಅಂತ ಬರೆದು ಕೊಟ್ಟರು. ಬಂದೂಕಿನ ವಿಷಯದಲ್ಲಿ ಅಲ್ಲಿನ ಎರಡು ಪಕ್ಷಗಳಿಗೆ ಜಗಳ. ಈಗ ಲೆಕ್ಕದಲ್ಲಿ ಚುರುಕಾದವರು, ಉತ್ತರ ತಮ್ಮ ಪಕ್ಷಕ್ಕೆ ಒಪ್ಪುವಾಗ ಮಾತ್ರ ಸರಿಯಾಗಿ ಲೆಕ್ಕ ಮಾಡಿದರು. ಒಪ್ಪದಿದ್ದಾಗ ಎಡವಿದರು. ಎರಡು ಪಕ್ಷಗಳ ನಡುವಿನ ಅಂತರ ಅತಿ ಹೆಚ್ಚು ಇದ್ದದ್ದು ಲೆಕ್ಕದಲ್ಲಿ ಜಾಣರಾದವರ ನಡುವೆಯೇ. ಆಮೇಲಿನ ಮರುಪ್ರಯೋಗದಲ್ಲಿ ಪರಿಣಾಮ ಇಷ್ಟು ಜೋರಾಗಿ ಕಂಡಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಜಾಣತನ ಬಂದರೆ ಪಕ್ಷಪಾತ ಹೋಗುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ತನ್ನ ಕಡೆಯ ತಪ್ಪಿಗೆ ಕಾರಣ ಹುಡುಕಿಕೊಡುವುದರಲ್ಲಿ ಜಾಣ ಮನಸ್ಸು ಒಳ್ಳೆಯ ವಕೀಲ. ನಿಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅತಿ ಉದ್ದದ ಸುಳ್ಳನ್ನು ಅತಿ ಚೆನ್ನಾಗಿ ಸಮರ್ಥಿಸುವವರು ಯಾರು ನೋಡಿ. ಸಾಮಾನ್ಯವಾಗಿ ನಿವೃತ್ತ ಅಧಿಕಾರಿಯೋ ಎಂಜಿನಿಯರೋ ಆಗಿರುತ್ತಾರೆ. "ಓದಿ ಓದಿ ಮರುಳಾದ ಕೂಚಂಭಟ್ಟ" ಅಂತ ನಮ್ಮವರು ಸುಮ್ನೆ ಹೇಳಲಿಲ್ಲ.

ಯುದ್ಧದ ಮಾತು ಬಂದರೆ ಒಂದೇ ಸಂಗತಿ ಸಾಕು. ಎರಡನೇ ಮಹಾಯುದ್ಧ ಮುಗಿದ ಮೇಲೆ, ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗೆ ಮುಂಚೆ ಜೈಲಿನಲ್ಲಿ ಮನಶ್ಶಾಸ್ತ್ರಜ್ಞ ಗುಸ್ಟಾವ್ ಗಿಲ್ಬರ್ಟ್ ಅವರಲ್ಲಿ 21 ಮಂದಿಯ ಐಕ್ಯೂ ಅಳೆದರು. ಗೋರಿಂಗ್‌ಗೆ 138, ಶಾಖ್ಟ್‌ಗೆ 143. ಅತಿ ಕಡಿಮೆ ಬಂದದ್ದು ಸ್ಟ್ರೈಕರ್‌ಗೆ, 106. ಅಲ್ಲಿ ಸರಾಸರಿಗಿಂತ ಕೆಳಗೆ ಒಬ್ಬರೂ ಇರಲಿಲ್ಲ.

ನಿಮ್ಮ ರೂಮ್‌ಮೇಟ್ ಈಗ ಕುಣಿಯುವ ಮುಂಚೆ ಇನ್ನೊಂದು ಪ್ರಯೋಗ ಹೇಳುತ್ತೇನೆ. ಪ್ರೋಟೊ, ರುಸ್ತಿಕಿನಿ, ಸೋಫಿಯಾನೋಸ್ ಎಂಬ ಅರ್ಥಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಒಗಟಿನ ಪರೀಕ್ಷೆಯ ಅಂಕದ ಮೇಲೆ ಎರಡು ಗುಂಪು ಮಾಡಿ, ದುಡ್ಡಿನ ಆಟ ಆಡಿಸಿದರು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಲಾಭ, ಒಬ್ಬ ಮೋಸ ಮಾಡಿದರೆ ಅವನಿಗೆ ಆ ಹೊತ್ತಿಗೆ ಇನ್ನೂ ಲಾಭ. ಶುರುವಿನಲ್ಲಿ ಎರಡೂ ಗುಂಪು ಒಂದೇ ತರಹ. ಆಡುತ್ತಾ ಆಡುತ್ತಾ ಹೆಚ್ಚು ಅಂಕದವರ ಗುಂಪಿನಲ್ಲಿ ಸಹಕಾರ ಏರಿತು, ಇನ್ನೊಂದರಲ್ಲಿ ಇಳಿಯಿತು. ಇವತ್ತಿನ ಮೋಸಕ್ಕೆ ನಾಳೆ ತೆರಬೇಕಾದ ಬೆಲೆ ಅವರಿಗೆ ಬೇಗ ಹೊಳೆಯಿತು. ಇದು ಚಿಕ್ಕ ಸಂಗತಿಯಲ್ಲ. ಇಡೀ ದೇಶದ ಬುದ್ಧಿ ಏರಿದರೆ ನಂಬಿಕೆಯೂ ಏರಬಹುದು ಅನ್ನುವ ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಆದರೆ ಆಟ ಬೇಗ ಮುಗಿಯುವ ಸಂಭವ ಜಾಸ್ತಿ ಅಂತ ಗೊತ್ತಾದಾಗ ಎರಡು ಗುಂಪುಗಳ ವ್ಯತ್ಯಾಸವೂ ಮಾಯವಾಯಿತು. ನಾಳೆಯೂ ಇವನ ಮುಖ ನೋಡಬೇಕು ಅನ್ನುವ ಏರ್ಪಾಟು ಇದ್ದರೆ ಮಾತ್ರ ಜಾಣತನ ಸಜ್ಜನಿಕೆಯ ಕಡೆ ವಾಲುತ್ತದೆ.

ಬುದ್ಧಿ ಏರಿದರೂ ಹೆಚ್ಚಾಗದ ವಸ್ತುಗಳೂ ಇವೆ, ಕಾಲೇಜು ಸೀಟಿನ ಹಾಗೆ. 2024ರ ನೀಟ್ ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ 67 ಮಕ್ಕಳಿಗೆ 720ಕ್ಕೆ 720 ಬಂದಿತ್ತು. ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟು ಒಂದು ಲಕ್ಷದ ಆಸುಪಾಸು. ಎಲ್ಲರ ಬುದ್ಧಿಯೂ ಏರಿದರೆ ಪ್ರಶ್ನೆಪತ್ರಿಕೆ ಕಷ್ಟವಾಗುತ್ತದೆ, ಕೋಚಿಂಗ್ ಫೀಸು ಏರುತ್ತದೆ, ಸೀಟು ಅಷ್ಟೇ ಇರುತ್ತದೆ.

ಈಗ ಭ್ರೂಣದ ಪ್ರಶ್ನೆ. ಇದರ ಹಿಂದೆ ಒಂದು ಕೆಟ್ಟ ಚರಿತ್ರೆ ಇದೆ, ತಿಳಿದುಕೊಂಡೇ ಮುಂದೆ ಹೋಗಬೇಕು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕ್ಯಾರಿ ಬಕ್ ಎಂಬ ಹುಡುಗಿಗೆ ಬಲವಂತವಾಗಿ ಮಕ್ಕಳಾಗದ ಹಾಗೆ ಶಸ್ತ್ರಚಿಕಿತ್ಸೆ ಮಾಡಲು ವರ್ಜೀನಿಯಾ ರಾಜ್ಯಕ್ಕೆ ಒಪ್ಪಿಗೆ ಕೊಟ್ಟಿತು. ತಾಯಿ ಮಂದಬುದ್ಧಿ, ಮಗಳು ಮಂದಬುದ್ಧಿ, ಮೊಮ್ಮಗಳೂ ಹಾಗೆಯೇ, ಮೂರು ತಲೆಮಾರು ಸಾಕು ಎಂದು ತೀರ್ಪು ಬರೆದವರು ಆಲಿವರ್ ವೆಂಡೆಲ್ ಹೋಮ್ಸ್. ಅಮೆರಿಕದ ಅತಿ ಬುದ್ಧಿವಂತ ನ್ಯಾಯಾಧೀಶರಲ್ಲಿ ಒಬ್ಬರು ಅಂತ ಹೆಸರು ಪಡೆದವರು. ಆ ಮೊಮ್ಮಗಳು ವಿವಿಯನ್ ಶಾಲೆಗೆ ಸೇರಿ, ಒಳ್ಳೆಯ ಅಂಕ ತೆಗೆದವರ ಪಟ್ಟಿಯಲ್ಲಿ ಬಂದಳು. ಎಂಟನೇ ವಯಸ್ಸಿಗೆ ಕಾಯಿಲೆಯಿಂದ ಸತ್ತಳು.

ವಿಲಿಯಂ ಶಾಕ್ಲಿಯ ಕತೆಯೂ ಇದಕ್ಕೆ ಸೇರುತ್ತದೆ. ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬ, 1956ರ ನೊಬೆಲ್. ಹುಡುಗನಾಗಿದ್ದಾಗ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಅವರ ಮೇಧಾವಿ ಮಕ್ಕಳ ಅಧ್ಯಯನಕ್ಕೆ ಐಕ್ಯೂ ಸಾಲದು ಅಂತ ಅವನನ್ನು ಕೈಬಿಟ್ಟಿದ್ದರು! ಆಯ್ಕೆಯಾದ ಸುಮಾರು 1,500 ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಹೀಗಿದ್ದೂ ಇದೇ ಶಾಕ್ಲಿ ಮುಂದೆ, ಐಕ್ಯೂ ಕಡಿಮೆ ಇರುವವರು ದುಡ್ಡು ತೆಗೆದುಕೊಂಡು ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳಲಿ ಅಂತ ಊರೂರು ತಿರುಗಿ ಹೇಳಿದ. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ "ಜಾಣರ ವೀರ್ಯ ಬ್ಯಾಂಕ್"ಗೆ ತಾನೇ ದಾನ ಮಾಡಿದೆ ಎಂದು ಬಹಿರಂಗವಾಗಿ ಹೇಳಿಕೊಂಡ. ಆ ಬ್ಯಾಂಕಿನಿಂದ ಇನ್ನೂರರ ಆಸುಪಾಸು ಮಕ್ಕಳು ಹುಟ್ಟಿದರು. 1999ರಲ್ಲಿ ಅದು ಮುಚ್ಚಿತು. ಇವನ ಕಂಪನಿಯ ಎಂಟು ಮಂದಿ ಒಳ್ಳೊಳ್ಳೆಯ ಎಂಜಿನಿಯರುಗಳು 1957ರಲ್ಲಿ ಇವನ ಕಾಟ ತಾಳದೆ ಒಟ್ಟಿಗೆ ಬಿಟ್ಟುಹೋಗಿ ಬೇರೆ ಕಂಪನಿ ಕಟ್ಟಿದರು. ಸಿಲಿಕಾನ್ ವ್ಯಾಲಿ ಬೆಳೆದದ್ದು ಅಲ್ಲಿಂದ.

ಚರಿತ್ರೆ ಕೆಟ್ಟದ್ದು ಅಂದ ಮಾತ್ರಕ್ಕೆ ಇವತ್ತಿನ ತಂತ್ರವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇಲ್ಲಿ ಯಾರನ್ನೂ ಬಲವಂತ ಮಾಡುತ್ತಿಲ್ಲ. ಲೆಕ್ಕ ನೋಡೋಣ. ಹತ್ತು ಭ್ರೂಣಗಳಲ್ಲಿ ಜೀನ್ ಅಂಕ (ಜೀನ್ ನೋಡಿ ಬುದ್ಧಿ ಎಷ್ಟಿರಬಹುದು ಅಂತ ಹಾಕುವ ಅಂದಾಜು) ಅತಿ ಹೆಚ್ಚಿರುವುದನ್ನು ಆರಿಸಿದರೆ ಸರಾಸರಿ ಸಿಗುವ ಲಾಭ ಸುಮಾರು 2.5 ಐಕ್ಯೂ ಅಂಕ ಎಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿತು. ಮುಂದೆ ಇದು ಒಂದಿಷ್ಟು ಏರಬಹುದು. ಆದರೆ ಈ ಜೀನ್ ಅಂಕಗಳನ್ನು ಬಹುಪಾಲು ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದ್ದಾರೆ, ನಮ್ಮವರಿಗೆ ಇನ್ನೂ ಕಡಿಮೆ ಹೊಂದುತ್ತದೆ. ಹತ್ತು ಭ್ರೂಣ ಅಂದರೆ ಹಾರ್ಮೋನ್ ಇಂಜೆಕ್ಷನ್, ಅಂಡ ತೆಗೆಯುವುದು, ಲಕ್ಷಗಟ್ಟಲೆ ಖರ್ಚು, ಹೆಣ್ಣಿನ ಮೈಗೆ ಪಡಿಪಾಟಲು. ಇಷ್ಟೆಲ್ಲ ಮಾಡಿ ಸಿಗುವುದು ಮಿಜ್ಲಿಯ ಪೆಟ್ರೋಲು ಪುಕ್ಕಟೆಯಾಗಿ ಕಿತ್ತುಕೊಂಡ 2.6ಕ್ಕಿಂತ ಒಂದು ಚೂರು ಕಡಿಮೆ. ಉಪ್ಪಿನ ಅಯೋಡಿನ್ ಕೊಡುವ 12ರ ಪಕ್ಕ ಇಟ್ಟರೆ ಲೆಕ್ಕಕ್ಕೇ ಇಲ್ಲ. ತಪ್ಪೇನು ಅಂದರೆ, ಎಲ್ಲರಿಗೂ ಸಿಗುವ ಹಾಗೆ ಮಾಡಲು ಹೊರಟ ದುಡ್ಡನ್ನು ತಪ್ಪು ಜಾಗಕ್ಕೆ ಸುರಿದಂತೆ. ಅಷ್ಟೇ ನನ್ನ ತಕರಾರು.

ಸರಿಯಾದ ಜಾಗಕ್ಕೆ ಸುರಿದರೆ ಏನಾಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶ ಇದೆ. ಅಲ್ಲಿ ಅರಿಶಿನದ ಹಳದಿ ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಸಂಶೋಧಕರು ಅದನ್ನು ಪತ್ತೆ ಮಾಡಿ ಸರ್ಕಾರದ ಮುಂದಿಟ್ಟರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಧಿಕಾರಿಗಳು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತಗೊಂಡು ಢಾಕಾದ ಸಗಟು ಮಾರುಕಟ್ಟೆಗೆ ಹೋಗಿ, ಅಲ್ಲೇ ಪರೀಕ್ಷಿಸಿ, ಸಿಕ್ಕಿಬಿದ್ದ ವ್ಯಾಪಾರಿಗಳಿಗೆ ದಂಡ ಹಾಕಿದರು. ಕಲಬೆರಕೆ ಮಾಡದಿದ್ದರೆ ಪಕ್ಕದ ಅಂಗಡಿಯವನ ಮುಂದೆ ಸೋಲುತ್ತೇವೆ ಅಂತ ವ್ಯಾಪಾರಿಗಳು ಬೆರೆಸುತ್ತಿದ್ದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದ ಮೇಲೆ ಆ ಭಯಕ್ಕೆ ಕಾರಣ ಉಳಿಯಲಿಲ್ಲ. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. 2021ರಲ್ಲಿ ಸೊನ್ನೆ.

ಆ ಯಂತ್ರಕ್ಕೆ ಈಗ ಲಕ್ಷಗಟ್ಟಲೆ ಬೆಲೆ. ನಮ್ಮ ತಾಲ್ಲೂಕು ಆಹಾರ ಸುರಕ್ಷತಾ ಅಧಿಕಾರಿಯ ಕೈಗೆಟಕುವ ಬೆಲೆಯಲ್ಲಿ ಅರಿಶಿನ, ಬಣ್ಣ, ಪಾತ್ರೆಯ ಸೀಸ ಹೇಳುವ ಒಂದು ಸಾಧನ ಯಾರಾದರೂ ಮಾಡಬೇಕಿದೆ. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಇನ್ನೂ ಆರಿಸಿಲ್ಲವಾದರೆ, ರೂಮ್‌ಮೇಟನ್ನೂ ಸೇರಿಸಿಕೊಂಡು ಇದನ್ನು ನೋಡಿ.